ಕೆಟ್ಟ ಹುಲ್ಲಿನಿಂದ ಹುಟ್ಟಿದ ಮದ್ದು

ಬೂಷ್ಟು ಹಿಡಿದ ಮೇವನ್ನು ದನಗಳಿಗೆ ಹಾಕಬಾರದೆಂಬುದು ಒಕ್ಕಲುತನ ಮಾಡುವವರೆಲ್ಲರೂ ಬಲ್ಲ ಸಂಗತಿ. ಬಲ್ಲರಾದರೂ, ಮಳೆಗೆ ನೆಂದ ಮೆದೆಯನ್ನು ಕಿತ್ತು ತಿಪ್ಪೆಗೆ ಎಸೆಯುವುದಕ್ಕೆ ಯಾರಿಗೂ ಸುಲಭವಾಗಿ ಮನಸ್ಸು ಬಾರದು. ಬೇಸಗೆಯಲ್ಲಿ ಮೇವು ತೀರುತ್ತ ಬಂದಾಗ ಕೆಟ್ಟದ್ದನ್ನು ಬಿಸಿಲಿಗೆ ಹರಡಿ, ಕೊಡವಿ, ಒಳ್ಳೆಯ ಹುಲ್ಲಿನೊಡನೆ ಬೆರಸಿ ಹಾಕುವುದುಂಟು. ಹೀಗೆಯೇ ಬೇರೆ ಗತಿಯಿಲ್ಲದೆ ಕೆಟ್ಟ ಹುಲ್ಲನ್ನು ಹಾಕಿದ ಉತ್ತರ ಅಮೆರಿಕಾದ ರೈತರ ದನಗಳು ಸುಮಾರು ನೂರು ವರ್ಷಗಳ ಹಿಂದೆ ರಕ್ತ ಸುರಿದು ಸತ್ತುವು. ಆ ಸಾವಿನ ಕಾರಣವನ್ನು ಹುಡುಕುತ್ತ ಹೋದವರಿಗೆ ಮೊದಲು ಒಂದು ವಿಷವೂ, ಆ ವಿಷದ ದೆಸೆಯಿಂದ ಒಂದು ಇಲಿಪಾಷಾಣವೂ, ಕಡೆಗೆ ಮನುಷ್ಯರ ಹೃದ್ರೋಗದಲ್ಲಿ ಪ್ರಾಣ ಉಳಿಸತಕ್ಕ ಔಷಧಿಯೂ ದೊರೆತುವು. ಆ ಪಾಷಾಣದ ಸಂತತಿಯೂ ಆ ಔಷಧಿಯೂ ಇಂದು ಕನ್ನಡ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಇರುವುದರಿಂದ, ಈ ವೃತ್ತಾಂತವನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ತಿಳಿದಿರುವುದು ಉಪಯುಕ್ತವಾಗಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗವೂ ಅದಕ್ಕೆ ಹೊಂದಿಕೊಂಡಿರುವ ಕೆನಡಾ ದೇಶದ ಬಯಲುಗಳೂ ಬಹು ಚಳಿಯ ಪ್ರದೇಶಗಳು. ಅಲ್ಲಿ ವರ್ಷಕ್ಕೆ ಐದಾರು ತಿಂಗಳು ನೆಲವು ಹಿಮದಿಂದ ಮುಚ್ಚಿಹೋಗಿ ದನಗಳಿಗೆ ಹೊರಗೆ ಮೇವು ಸಿಕ್ಕುವುದಿಲ್ಲ. ಬೇಸಗೆಯಲ್ಲಿ ಕೊಯ್ದು ಒಣಗಿಸಿ ಕೊಟ್ಟಿಗೆಯ ಅಟ್ಟದ ಮೇಲೆ ಒಟ್ಟಿದ ಹುಲ್ಲೇ ಅವುಗಳ ಆಧಾರ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿಯ ರೈತರು ಸ್ವೀಟ್ ಕ್ಲೋವರ್ ಎಂಬ ದ್ವಿದಳ ಜಾತಿಯ ಮೇವಿನ ಬೆಳೆಯನ್ನು ಹೆಚ್ಚಾಗಿ ಬೆಳೆಯತೊಡಗಿದರು. ಅದು ಬಡಭೂಮಿಯಲ್ಲಿಯೂ ಹುಲುಸಾಗಿ ಬರುತ್ತದೆ, ಮಳೆಯ ಕೊರತೆಯನ್ನು ತಡೆಯುತ್ತದೆ, ಹುರುಳಿ ಅವರೆಗಳಂತೆ ಬೇರಿನ ಗಂಟುಗಳ ಮೂಲಕ ಭೂಮಿಗೆ ಸತ್ವವನ್ನೂ ಕೂಡಿಸುತ್ತದೆ. ಕೊಯ್ದ ಹುಲ್ಲಿಗೆ ಬಹಳ ಇಂಪಾದ ಪರಿಮಳವಿದೆ. ಕೂಮರಿನ್ ಎಂಬ ಒಂದು ಪದಾರ್ಥವು ಎಲೆಗಳಲ್ಲಿರುವುದೇ ಆ ಪರಿಮಳಕ್ಕೆ ಕಾರಣ. ಆದರೆ ಈ ಬೆಳೆಯ ದಂಟು ದಪ್ಪ, ರಸ ಹೆಚ್ಚು, ಒಣಗಿಸುವುದು ಕಷ್ಟ. ಕೊಯ್ಲಿನ ಕಾಲದಲ್ಲಿ ಮಳೆ ಹಿಡಿದರೆ ಒಳಗೆ ತೇವ ಉಳಿದು ಬಣವೆಯ ಹೊಟ್ಟೆಯಲ್ಲಿ ಬೂಷ್ಟು ಹತ್ತುತ್ತದೆ.

1920ರ ದಶಕದ ಆರಂಭದಲ್ಲಿ ಈ ಪ್ರದೇಶಗಳಲ್ಲಿ ದನಗಳಿಗೆ ವಿಚಿತ್ರವಾದ ಒಂದು ಜಾಡ್ಯವು ಕಾಣಿಸಿಕೊಂಡಿತು. ನೋಡುವುದಕ್ಕೆ ಪುಷ್ಟಿಯಾಗಿದ್ದು ಮೇವು ತಿನ್ನುತ್ತಿದ್ದ ದನದ ಚರ್ಮದ ಕೆಳಗೆ ಅಲ್ಲಲ್ಲಿ ಬಾವು ಏಳುವುದು, ಕಾಲು ಎಳೆಯುವುದು, ಒಂದೆರಡು ದಿನಗಳಲ್ಲಿ ಬಿದ್ದು ಸಾಯುವುದು. ಕೊಯ್ದು ನೋಡಿದರೆ ಬಾವಿನ ತುಂಬ ಕೀವಲ್ಲ, ಹೆಪ್ಪುಗಟ್ಟದ ರಕ್ತ. ಕೊಂಬು ಕುಯ್ದ ಗಾಯ, ಹೋರಿಗಳ ಬೀಜ ತೆಗೆದ ಗಾಯ, ಕರು ಹಾಕಿದಾಗ ಆಗುವ ಸಣ್ಣ ಹರಕು ಇವುಗಳಿಂದ ಒಸರತೊಡಗಿದ ರಕ್ತವು ನಿಲ್ಲುತ್ತಲೇ ಇರಲಿಲ್ಲ. ಒಂದು ಕಡೆ ಕೊಂಬು ಕುಯ್ಸಿದ 22 ಹಸುಗಳಲ್ಲಿ 21 ಸತ್ತುವು; ಬೀಜ ತೆಗೆಸಿದ 25 ಎಳೆಯ ಹೋರಿಗಳಲ್ಲಿ 12 ಸತ್ತುವು. ತಾಯಿ ಆರೋಗ್ಯವಾಗಿ ಕಂಡರೂ ಅದರ ಹೊಟ್ಟೆಯಿಂದ ಬಿದ್ದ ಕರು ಒಳಗೇ ರಕ್ತ ಸೋರಿ ಸಾಯುವುದೂ ಉಂಟಾಯಿತು.

ಇದು ಈ ಸೀಮೆಯಲ್ಲಿ ಗಳಲೆ ರೋಗವೆಂದು ಕರೆಯಲ್ಪಡುವ ಅಂಟುಜಾಡ್ಯವೇ ಇರಬೇಕೆಂದು ಅಲ್ಲಿಯ ಜನರು ಮೊದಲು ಭಾವಿಸಿದರು. ಹಾಗಲ್ಲವೆಂದು ತೋರಿಸಿದವರು ಕೆನಡಾದ ಆಂಟೇರಿಯೋ ಪಶುವೈದ್ಯ ಕಾಲೇಜಿನ ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ ವಿದ್ವಾಂಸರು. (ಇವರು ಅದಕ್ಕೆ ಮುಂಚೆ ಕೊರಿಯಾ ದೇಶದಲ್ಲಿ ವೈದ್ಯಶಾಸ್ತ್ರವನ್ನು ಬೋಧಿಸುತ್ತಿದ್ದು, 1919ರಲ್ಲಿ ಆ ದೇಶದವರು ಜಪಾನೀಯರ ಆಳಿಕೆಗೆ ವಿರೋಧವಾಗಿ ಎದ್ದಾಗ ಅವರ ಪಕ್ಷವಹಿಸಿ ನಿಂತವರು. 1970ರಲ್ಲಿ ತೀರಿಕೊಂಡಾಗ ಕೊರಿಯನ್ನರು ತಮ್ಮ ರಾಷ್ಟ್ರೀಯ ಸ್ಮಶಾನದಲ್ಲಿಯೇ ಇವರಿಗೆ ಸಮಾಧಿಯನ್ನು ಮಾಡಿದರು.) ಸ್ಕೋಫೀಲ್ಡರ ಪರೀಕ್ಷೆಯು ಬಹು ಸರಳವಾದದ್ದು, ಯಾವ ರೈತನಾದರೂ ತಿಳಿದುಕೊಳ್ಳಬಹುದಾದದ್ದು. ಒಂದೇ ಅಟ್ಟದಿಂದ ತಂದ ಕ್ಲೋವರ್ ಹುಲ್ಲಿನಲ್ಲಿ ಕೆಡದ ದಂಟುಗಳನ್ನು ಬೇರೆ, ಬೂಷ್ಟು ಹಿಡಿದ ದಂಟುಗಳನ್ನು ಬೇರೆ ಆಯ್ದು, ಒಂದನ್ನು ಒಂದು ಮೊಲಕ್ಕೂ ಮತ್ತೊಂದನ್ನು ಮತ್ತೊಂದು ಮೊಲಕ್ಕೂ ತಿನ್ನಿಸಿದರು. ಒಳ್ಳೆಯ ದಂಟು ತಿಂದದ್ದು ಬದುಕಿತು. ಕೆಟ್ಟದ್ದನ್ನು ತಿಂದದ್ದು ರಕ್ತ ಸೋರಿ ಸತ್ತಿತು. ಹುಲ್ಲನ್ನು ಕೂಡಲೇ ನಿಲ್ಲಿಸಿ, ಆರೋಗ್ಯವಾದ ದನದ ರಕ್ತವನ್ನು ರೋಗದ ದನದ ನರಕ್ಕೆ ಏರಿಸಿದರೆ ಅದು ಬದುಕುವುದುಂಟೆಂದೂ ಅವರು ಕಂಡುಕೊಂಡರು.

ಮುಂದೆ ಉತ್ತರ ಡಕೋಟಾ ಕೃಷಿ ಕಾಲೇಜಿನ ರಾಡ್ರಿಕ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದುವರಿದು, ಈ ದನಗಳ ರಕ್ತದಲ್ಲಿ ಪ್ರೋತ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಅಂಶವು ದಿನೇ ದಿನೇ ಕುಗ್ಗುತ್ತದೆಂದು ತೋರಿಸಿದರು. ಕೆಟ್ಟ ಹುಲ್ಲನ್ನು ತಿನ್ನತೊಡಗಿದ ಸುಮಾರು 15 ದಿನಗಳಲ್ಲಿ ರಕ್ತವು ಹೆಪ್ಪುಗಟ್ಟುವ ಶಕ್ತಿ ತಗ್ಗಿ, 30ರಿಂದ 50 ದಿನಗಳಲ್ಲಿ ದನವು ಸಾಯುತ್ತಿತ್ತು. ಇಂದು ತಿಂದು ನಾಳೆ ಸತ್ತಿದ್ದರೆ ರೈತನು ಹುಲ್ಲನ್ನು ಅಂದೇ ಸಂಶಯಿಸುತ್ತಿದ್ದನು. ತಿಂಗಳು ತಡೆದು ಬರುವ ಸಾವಿಗೂ ತಿಂಗಳ ಹಿಂದಿನ ಮೇವಿಗೂ ಗಂಟು ಹಾಕುವುದು ಸಾಮಾನ್ಯರಿಗೆ ಸಾಧ್ಯವಲ್ಲ. ಈ ತಡವೇ ಮುಂದೆ ಇಲಿಗಳನ್ನೂ ಮೋಸಗೊಳಿಸಿದ್ದು ಎಂಬುದು ಮುಂದೆ ತಿಳಿಯಬರುವುದು.

1933ನೆಯ ಇಸವಿ ಫೆಬ್ರವರಿ ತಿಂಗಳ ಒಂದು ಶನಿವಾರ. ವಿಸ್ಕಾನ್ಸಿನ್ ಸಂಸ್ಥಾನದ ಡೀರ್ ಪಾರ್ಕ್ ಎಂಬ ಊರಿನ ಕಡೆಯ ಒಬ್ಬ ರೈತನು ಹಿಮದ ಬಿರುಗಾಳಿಯಲ್ಲಿ ಸುಮಾರು 190 ಮೈಲಿ ಗಾಡಿ ನಡೆಸಿಕೊಂಡು ರಾಜಧಾನಿಯಾದ ಮ್ಯಾಡಿಸನ್ನಿಗೆ ಬಂದನು. ಡಿಸೆಂಬರಿನಿಂದಲೂ ಅವನ ದನಗಳು ಒಂದೊಂದಾಗಿ ಸಾಯುತ್ತಿದ್ದುವು. ಹೋರಿಯ ಮೂಗಿನಿಂದ ರಕ್ತ ಒಸರತೊಡಗಿತ್ತು. ಸರಕಾರದ ಪಶುವೈದ್ಯಾಧಿಕಾರಿಯ ಕಚೇರಿಯು ಮುಚ್ಚಿದ್ದಿತು. ತೆರೆದಿದ್ದ ಬಾಗಿಲೊಂದನ್ನು ಹುಡುಕಿಕೊಂಡು ಅವನು ಒಳಹೊಕ್ಕಿದ್ದು ವಿಶ್ವವಿದ್ಯಾನಿಲಯದ ಕೃಷಿ ಕಾಲೇಜಿನಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಯನ್ನು. ಅವನು ತಂದದ್ದು ಸತ್ತ ಒಂದು ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಸುಮಾರು 100 ಪೌಂಡು ಕೆಟ್ಟ ಕ್ಲೋವರ್ ಹುಲ್ಲು. ಅವನ ಬಳಿಯಲ್ಲಿದ್ದ ಮೇವು ಅದೊಂದೇ.

ಲಿಂಕರಿಗೆ ಹೇಳುವುದಕ್ಕೆ ತೋಚಿದ್ದು ಎರಡೇ ಮಾತು: ಈ ಹುಲ್ಲನ್ನು ಹಾಕಬೇಡ, ಸಾಧ್ಯವಾದರೆ ದನಗಳಿಗೆ ರಕ್ತ ಏರಿಸು. ಅದು ಧಾರಣೆಗಳು ಕುಸಿದು ರೈತರು ಕೈಬರಿದಾಗಿದ್ದ ಕಾಲ. ಬೇರೆ ಹುಲ್ಲು ಕೊಳ್ಳುವುದಕ್ಕೆ ದುಡ್ಡಿಲ್ಲದವನಿಗೆ, ಮಂಜಿನ ನಡುವೆ 190 ಮೈಲಿ ದೂರದ ಕೊಟ್ಟಿಗೆಯಲ್ಲಿ ದನಕ್ಕೆ ರಕ್ತ ಏರಿಸೆಂದು ಹೇಳುವುದು ಉತ್ತರವೇ ಅಲ್ಲವೆಂದು ಅವರಿಗೂ ಗೊತ್ತಿದ್ದಿತು. ರೈತನು ಬಂದ ದಾರಿಯಲ್ಲೇ ಹಿಂತಿರುಗಿದನು. ಲಿಂಕರ ಕೈಕೆಳಗಿದ್ದ ಷೋಫೆಲ್ ಎಂಬ ಜರ್ಮನ್ ಸಹಾಯಕನು ಆ ಕ್ಯಾನಿನೊಳಗಿನ ರಕ್ತಕ್ಕೆ ಮತ್ತೆ ಮತ್ತೆ ಕೈ ಅದ್ದುತ್ತ, ಇಷ್ಟು ದೂರ ಬಂದವನಿಗೆ ಇದೇನು ಸಹಾಯವೆಂದು ಪರಿತಪಿಸಿದನೆಂದು ಲಿಂಕರೇ ಮುಂದೆ ಬರೆದಿದ್ದಾರೆ. ಅಂದು ಸಂಜೆಯೇ ಅವರಿಬ್ಬರೂ ಆ ಹುಲ್ಲನ್ನೂ ರಕ್ತವನ್ನೂ ಹಿಡಿದು ಕೆಲಸಕ್ಕೆ ಕುಳಿತರು.

ಕೆಲಸವು ಆರು ವರ್ಷಗಳಿಗಿಂತ ಹೆಚ್ಚು ಕಾಲ ನಡೆಯಿತು. ಹುಲ್ಲಿನಲ್ಲಿ ವಿಷವು ಇರತಕ್ಕದ್ದು ಅತ್ಯಲ್ಪ. ಅದರೊಡನೆ ಬೆರೆತಿರುವ ಇತರ ಪದಾರ್ಥಗಳು ಅಸಂಖ್ಯ. ಹುಲ್ಲಿನ ಸಾರವನ್ನು ಒಂದೊಂದು ಬಗೆಯಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತವು ಹೆಪ್ಪುಗಟ್ಟುವುದಕ್ಕೆ ಹಿಡಿಯುವ ಕಾಲವನ್ನು ಅಳೆದು, ವಿಷವು ಯಾವ ಪಾಲಿನಲ್ಲಿ ಉಳಿಯಿತೆಂದು ನಿರ್ಧರಿಸಬೇಕಾಗಿತ್ತು. 1939ರ ಜೂನ್ ತಿಂಗಳಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಹೋದ್ಯೋಗಿಯು ರಾತ್ರಿಯೆಲ್ಲ ಕೆಲಸ ಮಾಡಿ, ಬೆಳಗಿನ ಹೊತ್ತಿಗೆ ಸೂಕ್ಷ್ಮದರ್ಶಕದ ಕೆಳಗೆ ಶುದ್ಧವಾದ ಹರಳುಗಳನ್ನು ಕಂಡನು. ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಒಂದು ರಾಗಿ ಕಾಳಿನ ಎರಡು ಮೂರರಷ್ಟು ತೂಕ. 1940ರಲ್ಲಿ ಅದರ ರಚನೆಯು ತಿಳಿದು, ಪ್ರಯೋಗಶಾಲೆಯಲ್ಲಿಯೇ ಅದನ್ನು ತಯಾರಿಸುವುದು ಸಾಧ್ಯವಾಯಿತು. ಅದಕ್ಕೆ ಡೈಕೂಮರಾಲ್ ಎಂದು ಹೆಸರಾಯಿತು.

ಇಲ್ಲಿ ವಾಚಕರು ಗಮನಿಸತಕ್ಕ ಸ್ವಾರಸ್ಯವೊಂದುಂಟು. ಹುಲ್ಲಿಗೆ ಪರಿಮಳವನ್ನು ಕೊಡುವ ಕೂಮರಿನ್ನಿಗೆ ರಕ್ತವನ್ನು ಕೆಡಿಸುವ ಗುಣವಿಲ್ಲ. ಬೂಷ್ಟಿಗೂ ತಾನಾಗಿಯೇ ಈ ವಿಷವನ್ನು ಹುಟ್ಟಿಸುವ ಶಕ್ತಿಯಿಲ್ಲ. ಹುಲ್ಲಿನಲ್ಲಿ ಬೂಷ್ಟು ಬೆಳೆಯುವಾಗ ಅದು ಕೂಮರಿನ್ ಜಾತಿಯ ಪದಾರ್ಥಗಳನ್ನು ಮಾರ್ಪಡಿಸಿ, ಎರಡೆರಡು ಕಣಗಳನ್ನು ಒಂದಕ್ಕೊಂದು ಬೆಸೆದಾಗ ಡೈಕೂಮರಾಲ್ ಆಗುತ್ತದೆ. ಆದುದರಿಂದ ಬೂಷ್ಟು ಹಿಡಿದ ಹುಲ್ಲೆಲ್ಲ ರಕ್ತ ಸುರಿಸುವುದೆಂದು ತಿಳಿಯಬಾರದು. ಕೂಮರಿನ್ ಇಲ್ಲದ ಬತ್ತದ ಹುಲ್ಲಿಗೂ ರಾಗಿ ಹುಲ್ಲಿಗೂ ಈ ದೋಷವಿಲ್ಲ. ಹಾಗೆಂದು ಅವು ಕೆಟ್ಟರೂ ಹಾಕಬಹುದೆಂದಲ್ಲ. ಒಂದೊಂದು ಬೂಷ್ಟಿನ ವಿಷ ಒಂದೊಂದು ಬಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹತ್ತಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಟಾಕ್ಸಿನ್ ಎಂಬ ಆ ವಿಷವು ಪಿತ್ತಕೋಶವಿರುವ ಯಕೃತ್ತನ್ನೇ ಹಾಳುಮಾಡತಕ್ಕದ್ದು. ಕಡಲೆಕಾಯಿ ಹಿಂಡಿಯನ್ನು ತೇವದ ನೆಲದ ಮೇಲೆ ಒಟ್ಟುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಕ್ಲೋವರಿನ ಸಂಗತಿಗೆ ಸಸ್ಯತಜ್ಞರು ಬೇರೊಂದು ಪರಿಹಾರವನ್ನು ಹುಡುಕಿ, ಕೂಮರಿನ್ ಅತಿ ಕಡಮೆಯಿರುವ ತಳಿಗಳನ್ನು ಮುಂದೆ ಬೆಳೆಸಿದರು.

ಇದೇ ವೇಳೆಯಲ್ಲಿ ಸಮುದ್ರದಾಚೆ ಡೆನ್ಮಾರ್ಕ್ ದೇಶದಲ್ಲಿ ಮತ್ತೊಬ್ಬರು, ಕ್ಲೋವರಿನ ಸುದ್ದಿಯೇ ಇಲ್ಲದೆ, ಇದೇ ಗಂಟಿನ ಇನ್ನೊಂದು ಕೊನೆಯನ್ನು ಹಿಡಿದಿದ್ದರು. ಕೋಪನ್‌ಹೇಗನ್ನಿನ ಹೆನ್ರಿಕ್ ಡಾಮ್ ಎಂಬವರು ಕೋಳಿಮರಿಗಳಿಗೆ ಜಿಡ್ಡಿನ ಅಂಶವನ್ನು ಪೂರ್ತಿಯಾಗಿ ತೆಗೆದ ಆಹಾರವನ್ನು ಕೊಟ್ಟು ಪರೀಕ್ಷಿಸುತ್ತಿದ್ದಾಗ, 1929ರಲ್ಲಿ ಆ ಮರಿಗಳ ಚರ್ಮದ ಕೆಳಗೆ ರಕ್ತ ಸೋರುವುದನ್ನು ಕಂಡರು. ಜಿಡ್ಡಿನಲ್ಲಿ ಕರಗುವ ಯಾವುದೋ ಒಂದು ಪೋಷಕಾಂಶದ ಕೊರತೆಯೇ ಇದಕ್ಕೆ ಕಾರಣವೆಂದು ನಿಶ್ಚಯಿಸಿ, 1935ರಲ್ಲಿ ಅದಕ್ಕೆ ‘ಕೆ’ ಜೀವಸತ್ವವೆಂದು ಹೆಸರಿಟ್ಟರು. ಹೆಪ್ಪುಗಟ್ಟುವಿಕೆಗೆ ಡೇನಿಷ್ ಭಾಷೆಯಲ್ಲಿರುವ ಪದದ ಮೊದಲ ಅಕ್ಷರವೇ ಅದು. ಅಮೆರಿಕಾದ ಎಡ್ವರ್ಡ್ ಡಾಯ್ಸಿ ಎಂಬವರು ಅದರ ರಾಸಾಯನಿಕ ಸ್ವರೂಪವನ್ನು ಕಂಡುಹಿಡಿದರು. 1943ನೆಯ ಸಾಲಿನ ನೊಬೆಲ್ ಬಹುಮಾನವನ್ನು ಇವರಿಬ್ಬರಿಗೂ ಹಂಚಲಾಯಿತು. ಈ ಸತ್ವವು ಹೇರಳವಾಗಿರುವುದು ಹಸುರು ಸೊಪ್ಪುಗಳಲ್ಲಿ. ಈ ಸೀಮೆಯವರು ಕುದುರೆಮೆಂತ್ಯವೆಂದು ಬಲ್ಲ ಲೂಸರ್ನ್ ಸೊಪ್ಪು ಅದರ ಮುಖ್ಯವಾದ ಆಕರಗಳಲ್ಲಿ ಒಂದು. ಒಂದೇ ಕುಲಕ್ಕೆ ಸೇರಿದ ಎರಡು ಮೇವುಗಳಲ್ಲಿ ಒಂದು ಕೆಟ್ಟಾಗ ರಕ್ತವನ್ನು ನೀರಾಗಿಸುವುದು, ಇನ್ನೊಂದು ಹಸುರಾಗಿದ್ದು ಅದನ್ನು ಗಟ್ಟಿಮಾಡುವುದು ಎಂಬುದು ಸೃಷ್ಟಿಯ ಚಮತ್ಕಾರವೇ ಸರಿ.

ಎರಡೂ ಕೊನೆಗಳು ಒಂದಾದದ್ದು ಹೀಗೆ. ಪ್ರೋತ್ರಾಂಬಿನ್ ಮೊದಲಾದ ಅಂಶಗಳು ತಯಾರಾಗುವುದು ಯಕೃತ್ತಿನಲ್ಲಿ. ‘ಕೆ’ ಜೀವಸತ್ವವಿಲ್ಲದೆ ಅವು ಪೂರ್ಣವಾಗುವುದಿಲ್ಲ. ಕೊಯ್ಲಿನಲ್ಲಿ ಕುಡುಗೋಲು ಮೊಂಡಾದಂತೆ ಈ ಸತ್ವವೂ ಒಮ್ಮೆ ಕೆಲಸ ಮಾಡಿದೊಡನೆ ನಿಸ್ಸಾರವಾಗುತ್ತದೆ. ಶರೀರವು ಅದನ್ನು ಮತ್ತೆ ಮಸೆದು ಕೆಲಸಕ್ಕೆ ಹಚ್ಚುತ್ತದೆ. ಡೈಕೂಮರಾಲ್ ಮಾಡುವುದೇನೆಂದರೆ ಆ ಮಸೆಯುವ ಕಲ್ಲನ್ನು ಕಸಿದುಕೊಳ್ಳುವುದು. ಆಗಲೇ ರಕ್ತದಲ್ಲಿರುವ ಪ್ರೋತ್ರಾಂಬಿನ್ ತೀರುವ ತನಕ ಏನೂ ತೋರುವುದಿಲ್ಲ. ತೀರಿದ ಮೇಲೆ ಸಣ್ಣ ಗಾಯವೂ ಮುಚ್ಚುವುದಿಲ್ಲ. ಹೊರಗಿನಿಂದ ‘ಕೆ’ ಜೀವಸತ್ವವನ್ನು ಧಾರಾಳವಾಗಿ ಕೊಟ್ಟರೆ, ಹೊಸ ಕುಡುಗೋಲುಗಳನ್ನು ಹೊರೆಗಟ್ಟಲೆ ತಂದಂತಾಗಿ ಕೆಲಸವು ಮತ್ತೆ ನಡೆಯುತ್ತದೆ. ವಿಷವೂ ಅದರ ಪ್ರತಿವಿಷವೂ ಹೀಗೆ ಹೆಚ್ಚುಕಡಮೆ ಜತೆಯಾಗಿಯೇ ದೊರೆತದ್ದು ವೈದ್ಯರ ಸುದೈವ. ಹುಟ್ಟಿದ ಶಿಶುಗಳ ಶರೀರದಲ್ಲಿ ಈ ಸತ್ವವು ಬಹಳ ಕಡಮೆಯಿರುವುದರಿಂದ, ಆಸ್ಪತ್ರೆಗಳಲ್ಲಿ ಹೆರಿಗೆಯಾದೊಡನೆ ಮಗುವಿನ ತೊಡೆಗೆ ಅದರದೊಂದು ಸೂಜಿಮದ್ದನ್ನು ಹಾಕುತ್ತಾರೆ; 2014ರಲ್ಲಿ ಭಾರತ ಸರಕಾರವು ಇದಕ್ಕೆ ಕ್ರಮವನ್ನು ಗೊತ್ತುಮಾಡಿದೆ. ಎಳೆಗೂಸಿಗೆ ಸೂಜಿ ಏಕೆಂದು ಅಜ್ಜಿಯರು ಆಕ್ಷೇಪಿಸುವಲ್ಲಿ ಮುಖಂಡರು ಇದನ್ನು ತಿಳಿಯಹೇಳುವುದು ಒಳ್ಳೆಯದು.

ರಕ್ತವು ಹೆಪ್ಪುಗಟ್ಟದಿದ್ದರೆ ಹೇಗೆ ಅಪಾಯವೋ, ನಾಳಗಳ ಒಳಗೇ ಹೆಪ್ಪುಗಟ್ಟಿದರೂ ಹಾಗೆಯೇ ಅಪಾಯ. ಕಾಲಿನ ನಾಳದಲ್ಲಿ ಕಟ್ಟಿದ ಗರಣೆಯು ಸಡಿಲಿ ಶ್ವಾಸಕೋಶಕ್ಕೆ ಹೋದರೆ ಉಸಿರು ನಿಲ್ಲಬಹುದು. ಹೃದಯದಿಂದ ಮೆದುಳಿಗೆ ಹೋದರೆ ಪಾರ್ಶ್ವವಾಯು ಬಡಿಯಬಹುದು. ಆದುದರಿಂದ 1941ರಿಂದಲೇ ಅಮೆರಿಕಾದ ಮೇಯೋ ಆಸ್ಪತ್ರೆಯೇ ಮೊದಲಾದ ಕಡೆಗಳಲ್ಲಿ ವೈದ್ಯರು ಡೈಕೂಮರಾಲನ್ನು ಅಳೆದು ತೂಗಿ ರೋಗಿಗಳಿಗೆ ಕೊಡತೊಡಗಿದರು. ದನ ಕೊಂದ ವಿಷವು ಹೀಗೆ ಮದ್ದಾಯಿತು.

ಆಗ ಲಿಂಕರಿಗೇ ಕಾಯಿಲೆಯಾಯಿತು. 1945ರಲ್ಲಿ ಕ್ಷಯದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಅವರು ಇಲಿಗಳ ನಿವಾರಣೆಯ ಚರಿತ್ರೆಯನ್ನು ಓದಿ ಹೊತ್ತು ಕಳೆದರು. ಅವರ ಪ್ರಯೋಗಶಾಲೆಯಲ್ಲಿ ಡೈಕೂಮರಾಲನ್ನು ಹೋಲುವ ನೂರಕ್ಕೂ ಮಿಗಿಲಾದ ಪದಾರ್ಥಗಳನ್ನು ತಯಾರಿಸಿ ಸಾಲಾಗಿ ಅಂಕಿ ಹಾಕಿ ಇಟ್ಟಿದ್ದಿತು. ಗುಣವಾಗಿ ಹಿಂತಿರುಗಿದ ಮೇಲೆ ಅವುಗಳಲ್ಲಿ 42ನೆಯದನ್ನು ಆರಿಸಿದರು. ಖರ್ಚನ್ನು ವಹಿಸಿದ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ನಿಧಿಯ ಆಂಗ್ಲ ಮೊದಲಕ್ಷರಗಳಿಗೆ ಕೂಮರಿನ್ ಶಬ್ದದ ಬಾಲವನ್ನು ಸೇರಿಸಿ ವಾರ್ಫರಿನ್ ಎಂದು ಹೆಸರಿಟ್ಟರು. 1948ರಲ್ಲಿ ಅದು ಇಲಿಪಾಷಾಣವಾಗಿ ಪೇಟೆಗೆ ಬಂದಿತು.

ಇಲಿಯ ಜಾಣತನವನ್ನು ಬಲ್ಲವರಿಗೆ ಈ ಪಾಷಾಣದ ಮಹತ್ವವು ಕೂಡಲೇ ತಿಳಿಯುವುದು. ಇಲಿಯು ಹೊಸ ತಿನಿಸನ್ನು ಮೊದಲು ತುಸುವೇ ಕಚ್ಚಿ ನೋಡುತ್ತದೆ. ಸತುವಿನ ಫಾಸ್ಫೈಡಿನಂತಹ ತೀಕ್ಷ್ಣವಾದ ಪಾಷಾಣವನ್ನು ಇಟ್ಟಲ್ಲಿ, ತುಸು ತಿಂದು ಸಂಕಟಪಟ್ಟು ಬದುಕಿದ ಇಲಿಯು ಅದನ್ನು ಮತ್ತೆ ಮೂಸುವುದಿಲ್ಲ. ಅದಕ್ಕಾಗಿಯೇ ಮೊದಲೆರಡು ದಿನ ಬರಿಯ ತಿನಿಸನ್ನಿಟ್ಟು ರುಚಿ ಹತ್ತಿಸಿ, ಆಮೇಲೆ ಪಾಷಾಣ ಬೆರಸುವ ಪದ್ಧತಿ. ವಾರ್ಫರಿನ್ನಿಗಾದರೋ ಈ ಉಪಾಯವು ಬೇಕಿಲ್ಲ. ನೂರು ಪಾಲು ತಿನಿಸಿನಲ್ಲಿ ಒಂದು ಪಾಲಿನ ನಾಲ್ಕನೆಯ ಒಂದಂಶದ ಹತ್ತನೆಯ ಒಂದು ಭಾಗ, ಎಂದರೆ ಶೇಕಡ 0.025 ಮಾತ್ರ, ಬೆರಸುತ್ತಾರೆ. ಇಲಿಯು ದಿನದಿನವೂ ಸುಖವಾಗಿ ತಿಂದು ಹೋಗುತ್ತದೆ. ಐದಾರು ದಿನಗಳ ಮೇಲೆ ಸಾಯುತ್ತದೆ. ಸತ್ತದ್ದಕ್ಕೂ ತಿಂದದ್ದಕ್ಕೂ ಸಂಬಂಧವನ್ನು ಕಲ್ಪಿಸುವುದು ಉಳಿದ ಇಲಿಗಳಿಗೆ ಆಗದು. ಡಕೋಟಾದ ರೈತರಿಗೇ ಆಗಿರಲಿಲ್ಲವಷ್ಟೆ. ಈ ಪಾಷಾಣ ತಿಂದ ಇಲಿ ನೀರು ಹುಡುಕಿಕೊಂಡು ಮನೆಯ ಹೊರಗೆ ಹೋಗಿ ಸಾಯುತ್ತದೆಂದು ವ್ಯಾಪಾರಿಗಳು ಹೇಳುವ ಮಾತಿಗೆ ಆಧಾರವಿಲ್ಲ. ಅಟ್ಟದ ಮೇಲೆಯೇ ಸತ್ತು ನಾರುವುದು ಹೆಚ್ಚು.

ಹತ್ತೇ ವರ್ಷಗಳಲ್ಲಿ ಇಲಿಗಳು ಇದಕ್ಕೂ ಎದುರು ನಿಂತುವು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ವಾರ್ಫರಿನ್ ತಿಂದರೂ ಸಾಯದ ಇಲಿಗಳು ಸಿಕ್ಕಿದುವು. ಆಗ ಅದೇ ವಂಶದ ಹೆಚ್ಚು ಪ್ರಬಲವಾದ ಪಾಷಾಣಗಳನ್ನು 1970ರ ದಶಕದಲ್ಲಿ ತಯಾರಿಸಿದರು. ಗದ್ದೆಯ ಬದುಗಳಲ್ಲಿಯೂ ತೆಂಗಿನ ತೋಟಗಳಲ್ಲಿಯೂ ಕಣಜಗಳಲ್ಲಿಯೂ ಇಂದು ಇಡುವ ಬ್ರೋಮಾಡಿಯೋಲೋನ್ ಬಿಲ್ಲೆಗಳು ಈ ಜಾತಿಯವು. ಅವುಗಳಲ್ಲಿ ವಿಷವು ಶೇಕಡ 0.005 ಮಾತ್ರ. ಪ್ರಮಾಣವು ಸ್ವಲ್ಪವೆಂದು ಅಲಕ್ಷ್ಯ ಮಾಡಬಾರದು. ವಾರ್ಫರಿನ್ ಶರೀರದಿಂದ ಕೆಲವು ದಿನಗಳಲ್ಲಿ ಹೊರಟುಹೋದರೆ ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಕುಳಿತಿರುತ್ತದೆ. ಸತ್ತ ಇಲಿಯನ್ನು ತಿಂದ ಗೂಬೆ, ಬೆಕ್ಕು, ನಾಯಿಗಳಿಗೂ ವಿಷವು ತಟ್ಟುತ್ತದೆ. ಇಲಿಗಳನ್ನು ಹಿಡಿಯುವುದರಲ್ಲಿ ಕಣಜದ ಗೂಬೆಗೆ ಸಮಾನವಾದ ಆಳು ರೈತನಿಗೆ ಇಲ್ಲ. ಅದನ್ನು ಕೊಂದು ಇಲಿಗಳನ್ನು ಕೊಲ್ಲಹೊರಡುವುದು ನಷ್ಟದ ವ್ಯಾಪಾರ. ಬಿಲ್ಲೆಗಳನ್ನು ಬಿಲದೊಳಗೇ ಇಟ್ಟು ಬಾಯಿ ಮುಚ್ಚಬೇಕು. ಸತ್ತ ಇಲಿಗಳನ್ನು ಆಯ್ದು ಆಳವಾಗಿ ಹೂಳಬೇಕು.

ಇದಕ್ಕಿಂತ ಮುಖ್ಯವಾದದ್ದು ಮಕ್ಕಳ ವಿಷಯ. ಬಣ್ಣದ ಬಿಲ್ಲೆಯನ್ನು ಮಿಠಾಯಿಯೆಂದು ಮಗುವು ತಿಂದಿರಬಹುದು. ಅಂದೂ ಮರುದಿನವೂ ಆಡಿಕೊಂಡೇ ಇರಬಹುದು. ಏನೂ ಆಗಲಿಲ್ಲವೆಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ರಕ್ತ ಸೋರುವುದು ಎರಡು ಮೂರು ದಿನಗಳ ಮೇಲೆ. ಇದಕ್ಕೆ ‘ಕೆ’ ಜೀವಸತ್ವದ ಪ್ರತಿವಿಷವುಂಟು, ಆದರೆ ಅದನ್ನು ಕೆಲವು ವೇಳೆ ವಾರಗಳ ತನಕ ಕೊಡಬೇಕಾಗುತ್ತದೆ. ಇಲಿಪಾಷಾಣಗಳೆಲ್ಲವೂ ಹೀಗಲ್ಲವೆಂಬುದನ್ನೂ ಊರಿನಲ್ಲಿ ಸಾರಿ ಹೇಳಬೇಕು. ಸತುವಿನ ಫಾಸ್ಫೈಡಿಗೂ, ಹಳದಿ ರಂಜಕವಿರುವ ಇಲಿಪೇಸ್ಟಿಗೂ ಪ್ರತಿವಿಷವೇ ಇಲ್ಲ. ಹಳದಿ ರಂಜಕವನ್ನು ತಿಂದವರು ಒಂದೆರಡು ದಿನ ಚೇತರಿಸಿದಂತೆ ಕಂಡು ಆಮೇಲೆ ಯಕೃತ್ತು ಕೆಟ್ಟು ಸಾಯುವುದುಂಟು. ಯಾವುದನ್ನು ತಿಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು; ಪಾಷಾಣದ ಪೊಟ್ಟಣವನ್ನೂ ಜತೆಗೆ ಒಯ್ಯತಕ್ಕದ್ದು. ಚಿಕಿತ್ಸೆಯು ಪೊಟ್ಟಣದ ಮೇಲಿನ ಹೆಸರನ್ನು ಅವಲಂಬಿಸಿದೆ.

ವಾರ್ಫರಿನ್ ಇಲಿಯ ಬಿಲದಿಂದ ಆಸ್ಪತ್ರೆಗೆ ಹೋದ ಬಗೆಯೂ ಇಂತಹ ಒಂದು ಸಂದರ್ಭದಿಂದಲೇ. 1951ರಲ್ಲಿ ಅಮೆರಿಕಾದ ಸೈನ್ಯಕ್ಕೆ ಸೇರಿದ್ದ ಒಬ್ಬ ಯುವಕನು ಜೀವದ ಮೇಲೆ ಬೇಸರಪಟ್ಟು ಈ ಪಾಷಾಣವನ್ನು ತಿಂದನು. ರಕ್ತ ಏರಿಸಿ ‘ಕೆ’ ಜೀವಸತ್ವವನ್ನು ಕೊಟ್ಟ ವೈದ್ಯರು ಅವನನ್ನು ಪೂರ್ಣವಾಗಿ ಉಳಿಸಿದರು. ಅಷ್ಟು ತಿಂದವನೂ ಉಳಿಯುವುದಾದರೆ ಅಳತೆಯಲ್ಲಿ ಕೊಡುವುದಕ್ಕೆ ಭಯವೇಕೆಂದು ಯೋಚಿಸಿ ಪರೀಕ್ಷಿಸಲಾಗಿ, ಇದು ಡೈಕೂಮರಾಲಿಗಿಂತ ಶೀಘ್ರವಾಗಿಯೂ ನಿಶ್ಚಿತವಾಗಿಯೂ ಕೆಲಸ ಮಾಡುವುದೆಂದು ತಿಳಿಯಬಂದಿತು. 1954ರಲ್ಲಿ ಮನುಷ್ಯರಿಗೆ ಕೊಡುವುದಕ್ಕೆ ಅನುಮತಿಯಾಯಿತು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕಾದ ಅಧ್ಯಕ್ಷರಾದ ಐಸೆನ್‌ಹೋವರರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು. ಇಲಿಪಾಷಾಣವೆಂದು ಹೇಸುತ್ತಿದ್ದ ಜನರು ಆಮೇಲೆ ಬಾಯಿ ಮುಚ್ಚಿದರು.

ಇತ್ತೀಚಿನ ವರ್ಷಗಳಲ್ಲಿ ಬೇರೆ ಬಗೆಯ ಮಾತ್ರೆಗಳು ಬಂದು ಅನೇಕ ರೋಗಿಗಳಿಗೆ ವಾರ್ಫರಿನ್ನಿನ ಅಗತ್ಯವಿಲ್ಲವಾಗಿದೆ. ಆದರೆ ಎಳೆತನದಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟು, ಲೋಹದ ಕವಾಟವನ್ನು ಹಾಕಿಸಿಕೊಂಡವರಿಗೆ ಆ ಹೊಸ ಮಾತ್ರೆಗಳು ಸಲ್ಲವು. ಅವರು ಜೀವಾವಧಿ ವಾರ್ಫರಿನ್ನನ್ನೋ ಅದರ ಬಳಗದ ಅಸೆನೊಕೂಮರಾಲನ್ನೋ ತಿನ್ನಬೇಕು. ಇಂತಹವರು ಹಳ್ಳಿಗಳಲ್ಲಿ ಅಪರೂಪವೇನೂ ಅಲ್ಲ. ಕೂಲಿಗೆ ಬರುವ ಆಳುಗಳಲ್ಲಿಯೂ ಇರಬಹುದು. ಮಾತ್ರೆ ಕಡಮೆಯಾದರೆ ಕವಾಟದಲ್ಲಿ ಗರಣೆ ಕಟ್ಟುತ್ತದೆ. ಹೆಚ್ಚಾದರೆ ದನಗಳಿಗಾದದ್ದೇ ಆಗುತ್ತದೆ. ಆದುದರಿಂದ ರಕ್ತವನ್ನು ಆಗಾಗ ಪರೀಕ್ಷಿಸಿ ಅಳತೆಯನ್ನು ತಿದ್ದಬೇಕು. ಐ.ಎನ್.ಆರ್. ಎಂಬ ಈ ಪರೀಕ್ಷೆಯಲ್ಲಿ ಆರೋಗ್ಯವಂತರ ಅಂಕಿ ಸುಮಾರು 1. ಇವರಲ್ಲಿ ಬಹುಮಂದಿಗೆ ಅದು 2ರಿಂದ 3ರೊಳಗೆ, ಕೆಲವು ಕವಾಟಗಳಿಗೆ ಇನ್ನೂ ಸ್ವಲ್ಪ ಮೇಲೆ ಇರಬೇಕು. ಸುಗ್ಗಿಯ ಕೆಲಸ ಬಿಟ್ಟು, ದಿನಗೂಲಿ ಕಳೆದುಕೊಂಡು, ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿಬರುವುದು ಬಡವರಿಗೆ ಕಷ್ಟವೆಂದು ಈ ಪರೀಕ್ಷೆಯು ತಪ್ಪುವುದೇ ಹೆಚ್ಚು. ಒಂದು ದಿನದ ರಜವನ್ನೂ ಗಾಡಿ ಖರ್ಚನ್ನೂ ಹಿಡುವಳಿದಾರರು ಕೊಟ್ಟರೆ ಅವರಿಗಾಗುವ ನಷ್ಟವು ಅಲ್ಪ.

ಈ ಮಾತ್ರೆಯವರು ಸೊಪ್ಪನ್ನೇ ತಿನ್ನಬಾರದೆಂದು ಹಬ್ಬಿರುವ ಮಾತು ಸರಿಯಲ್ಲ. ಹರಿವೆ, ನುಗ್ಗೆ, ಬಸಳೆ ಮೊದಲಾದವುಗಳಲ್ಲಿ ‘ಕೆ’ ಜೀವಸತ್ವವಿರುವುದರಿಂದ ಒಂದು ವಾರ ಬಿಟ್ಟು ಮತ್ತೊಂದು ವಾರ ಹೊಟ್ಟೆ ತುಂಬ ತಿಂದರೆ ಅಳತೆ ತಪ್ಪುತ್ತದೆ. ಎಲ್ಲ ದಿನವೂ ಒಂದೇ ಹದವಾಗಿ ತಿಂದರೆ ಬಾಧಕವಿಲ್ಲ. ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಗುಳಿಗೆಗಳನ್ನೂ ಹೆಸರು ತಿಳಿಯದ ನಾಟಿ ಔಷಧಿಗಳನ್ನೂ ವೈದ್ಯರಿಗೆ ತಿಳಿಸದೆ ನುಂಗಬಾರದು. ಮಾತ್ರೆಯಿಂದ ಗರ್ಭದ ಶಿಶುವಿಗೆ ಕೇಡಾಗುವ ಸಂಭವವಿರುವುದರಿಂದ, ಇದನ್ನು ತಿನ್ನುವ ಹೆಂಗಸರು ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣತಕ್ಕದ್ದು. ಹಲ್ಲು ಕೀಳಿಸುವಾಗಲಿ, ಕುರುವನ್ನು ಕೊಯ್ಸುವಾಗಲಿ, ಚಿಕ್ಕ ಗಾಯಕ್ಕೆ ಹೊಲಿಗೆ ಹಾಕಿಸುವಾಗಲಿ ಮಾತ್ರೆಯ ಚೀಟಿಯನ್ನು ಮೊದಲು ತೋರಿಸತಕ್ಕದ್ದು. ಕೊಂಬು ಕುಯ್ಸಿದ ಆ 22 ಹಸುಗಳೂ ಅಂದಿನ ಬೆಳಗಿನ ತನಕ ಆರೋಗ್ಯವಾಗಿಯೇ ಕಾಣುತ್ತಿದ್ದುವು.